ಹಳೇ ಟಿವಿಯನ್ನು ಮಕ್ಕಳ ರೂಮಿಗೆ ಹಾಕುವ ಮುಂಚೆ

ಮಕ್ಕಳ ರೂಮಿಗೆ ಟಿವಿಯನ್ನು ಯಾರೂ ಯೋಚನೆ ಮಾಡಿ ತರುವುದಿಲ್ಲ. ಅದು ತಾನಾಗೇ ಬಂದು ಸೇರಿಕೊಳ್ಳುತ್ತದೆ. ದೀಪಾವಳಿ ಆಫರ್‌ನಲ್ಲಿ ಹಾಲ್‌ಗೆ 43 ಇಂಚಿನದ್ದು ಬರುತ್ತದೆ, ಹಳೇ 32 ಇಂಚಿನದ್ದಕ್ಕೆ ಎಕ್ಸ್‌ಚೇಂಜ್‌ನಲ್ಲಿ ಅಂಗಡಿಯವರು ಹೇಳುವ ರೇಟು ಕೇಳಿದರೆ ಹೊಟ್ಟೆ ಉರಿಯುತ್ತದೆ, ಚೆನ್ನಾಗಿ ಓಡುತ್ತಿರುವುದನ್ನು ಸುಮ್ನೆ ಯಾಕೆ ಕೊಡಬೇಕು, ಮಕ್ಕಳ ರೂಮಲ್ಲಿ ಇರಲಿ ಬಿಡಿ ಅಂತ ಯಾರೋ ಅನ್ನುತ್ತಾರೆ. ಮುಗಿಯಿತು.

ನಮ್ಮನೆಯಲ್ಲೂ ಹಾಗೇ ಆಯಿತು. ಮಗಳು ಆಗ ಒಂಬತ್ತನೇ ಕ್ಲಾಸು, ಮಗ ಮೂರನೇ ಕ್ಲಾಸು, ಇಬ್ಬರಿಗೂ ಸೇರಿ ಒಂದೇ ರೂಮು. ನವೆಂಬರ್‌ನಲ್ಲಿ ಗೋಡೆ ಹತ್ತಿದ ಟಿವಿ ಏಪ್ರಿಲ್‌ನಲ್ಲಿ ಇಳಿಯಿತು. ಆ ಐದಾರು ತಿಂಗಳು ನೋಡಿದ್ದು, ಆಮೇಲೆ ಓದಿದ್ದು, ಅಕ್ಕಪಕ್ಕದ ಮನೆಗಳಲ್ಲಿ ಕಂಡದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ಟಿವಿ ಒಳ್ಳೆಯದೋ ಕೆಟ್ಟದ್ದೋ ಅನ್ನುವ ವಾದಕ್ಕೆ ಹೋಗುವುದಿಲ್ಲ, ಅದು ಶಾಲೆಯ ಚರ್ಚಾಸ್ಪರ್ಧೆಗೆ ಇರಲಿ. ನನ್ನ ಪ್ರಶ್ನೆ ಒಂದೇ: ರಾತ್ರಿ ಅದನ್ನು ಆಫ್ ಮಾಡುವವರು ಯಾರು? ಹಾಲ್, ರೂಮು, ಅಜ್ಜಿಯ ಕೋಣೆ, ಫೋನು, ಎಲ್ಲವನ್ನೂ ಈ ಒಂದೇ ಅಳತೆಯಲ್ಲಿ ಅಳೆದಿದ್ದೇನೆ.

ಹಾಲ್‌ನಲ್ಲಿ ಒಂದೇ ಟಿವಿ

ಇದರ ದೊಡ್ಡ ಲಾಭ ಏನೆಂದರೆ ಯಾರೂ ಪೊಲೀಸ್ ಆಗಬೇಕಾಗಿಲ್ಲ. ಅಡುಗೆಮನೆಗೂ ರೂಮಿಗೂ ಓಡಾಡುವವರ ಕಣ್ಣಿಗೆ ಪರದೆ ಬೀಳುತ್ತಲೇ ಇರುತ್ತದೆ. ಒಂಬತ್ತೂವರೆಗೆ ಹಾಸಿಗೆ ಹಾಸಬೇಕು, ಊಟದ ತಟ್ಟೆ ತೆಗೆಯಬೇಕು, ಯಾರೋ ಒಬ್ಬರು ಎದ್ದು ಸ್ವಿಚ್ ಒತ್ತುತ್ತಾರೆ. ರಿಮೋಟ್‌ಗೆ ಜಗಳ ಆಗುತ್ತದೆ ನಿಜ. ನಾನು ಅದನ್ನು ನಷ್ಟದ ಲೆಕ್ಕಕ್ಕೆ ಬರೆಯುವುದಿಲ್ಲ. ಜಗಳ ಆಡುವ ಹೊತ್ತಿನಲ್ಲಿ ಯಾರೂ ಟಿವಿ ನೋಡುತ್ತಿರುವುದಿಲ್ಲ, ಅಲ್ವಾ?

ನಾವು ಚಿಕ್ಕವರಿದ್ದಾಗ ಟಿವಿ ಇರುತ್ತಿದ್ದದ್ದು ಮರದ ಪೆಟ್ಟಿಗೆಯೊಳಗೆ, ಅದಕ್ಕೆ ಎಳೆದು ಮುಚ್ಚುವ ಶಟರ್, ಶಟರ್‌ಗೆ ಬೀಗ, ಬೀಗದ ಕೈ ಅಪ್ಪನ ಅಂಗಿ ಜೇಬಿನಲ್ಲಿ. ಕೇಬಲ್ ಬಂದ ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುವ ಮನೆಯಲ್ಲಿ ಜನವರಿಯಿಂದಲೇ ಕೇಬಲ್‌ನವರಿಗೆ ಹೇಳಿ ವೈರ್ ಬಿಚ್ಚಿಸುತ್ತಿದ್ದರು. ಅಜ್ಜ, ಅಜ್ಜಿ, ಅಪ್ಪ, ಅಮ್ಮ ಎಲ್ಲರಿಗೂ ಮೂರು ತಿಂಗಳು ಉಪವಾಸ. ಒಂದೇ ಟಿವಿ ಇದ್ದದ್ದಕ್ಕೆ ಮಾತ್ರ ಅದು ಸಾಧ್ಯವಾಗುತ್ತಿತ್ತು.

ಆದರೆ ಹಾಲ್‌ನಲ್ಲಿ ಇಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಸುಳ್ಳು. ಸಂಜೆ ಆರಕ್ಕೆ ಶುರುವಾದ ಸೀರಿಯಲ್ಲು ಹತ್ತೂವರೆವರೆಗೆ ಒಂದರ ಹಿಂದೆ ಒಂದು ಬರುತ್ತದೆ, ಒಳಗೆ ಮಗಳು ಬೀಜಗಣಿತ ಮಾಡುತ್ತಿದ್ದರೆ ಅವಳ ಕಿವಿಗೆ ಬೀಳುವುದು ಸೊಸೆಯ ಅಳು. "ನೀವೆಲ್ಲ ನೋಡಬಹುದು, ನಾನು ಮಾತ್ರ ಓದಬೇಕಾ" ಅಂತ ಅವಳು ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಎಷ್ಟೋ ಮನೆಯಲ್ಲಿ ಎರಡನೇ ಟಿವಿ ಒಳಗೆ ಹೋಗುವುದು ಮಕ್ಕಳ ಹಟಕ್ಕಲ್ಲ, ದೊಡ್ಡವರು ನೆಮ್ಮದಿಯಾಗಿ ಸೀರಿಯಲ್ ನೋಡಬೇಕು ಅನ್ನುವುದಕ್ಕೆ. ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ, ನನಗೂ ಕಷ್ಟವಾಯಿತು.

ಇನ್ನೊಂದು ಮಾತು. ಮಕ್ಕಳಿಗೆ ಬೇರೆ ರೂಮು ಅನ್ನುವುದೇ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಒಂದು ಹಾಲು, ಒಂದು ರೂಮು ಇರುವ ಬಾಡಿಗೆ ಮನೆಯಲ್ಲಿ ಮಕ್ಕಳು ಚಾಪೆ ಹಾಸಿಕೊಂಡು ಮಲಗುವುದು ಟಿವಿ ಮುಂದೆಯೇ. ಅಲ್ಲಿ "ಬೆಡ್‌ರೂಮಲ್ಲಿ ಟಿವಿ ಬೇಡ" ಅನ್ನುವ ಬುದ್ಧಿಮಾತಿಗೆ ಅರ್ಥವೇ ಇಲ್ಲ. ಅಂಥ ಮನೆಗೆ ಉಪಯೋಗಕ್ಕೆ ಬರುವುದು ಎರಡು. ಮಕ್ಕಳು ಮಲಗುವ ಹೊತ್ತಿಗೆ ಟಿವಿ ಆಫ್ ಆಗಬೇಕು, ಅದು ದೊಡ್ಡವರಿಗೂ ಸೇರಿ. ಅದು ಆಗುವುದೇ ಇಲ್ಲ ಅಂದರೆ ಮಕ್ಕಳು ರೂಮಲ್ಲಿ ಮಲಗಲಿ, ದೊಡ್ಡವರು ಹಾಲ್‌ನಲ್ಲಿ ಮಲಗಲಿ. ನಮ್ಮ ಬೀದಿಯಲ್ಲೇ ಒಂದು ಮನೆಯವರು ಹೀಗೆ ಅದಲು ಬದಲು ಮಾಡಿಕೊಂಡಿದ್ದಾರೆ. ಖರ್ಚು ಸೊನ್ನೆ.

ಮಕ್ಕಳ ರೂಮಲ್ಲಿ ಹಾಕಿದರೆ

ಮೊದಲು ಸಿಗುವ ಸುಖ ಹೇಳಿಬಿಡುತ್ತೇನೆ, ಯಾಕೆಂದರೆ ಸುಖ ಇಲ್ಲದಿದ್ದರೆ ಯಾರೂ ಹಾಕುತ್ತಿರಲಿಲ್ಲ. ಹಾಲ್ ತಣ್ಣಗಾಗುತ್ತದೆ. ನೆಂಟರು ಬಂದಾಗ ಮಕ್ಕಳು ಒಳಗೆ ಹೋಗಿ ಕೂರುತ್ತಾರೆ. ಜ್ವರ ಬಂದು ಮಲಗಿದ ಮಗುವಿಗೆ ಹೊತ್ತು ಹೋಗುತ್ತದೆ. ಮಗಳು ಗೆಳತಿಯರನ್ನು ಕರೆದುಕೊಂಡು ಬಂದು ಸಿನಿಮಾ ಹಾಕಿಕೊಂಡರೆ ಅವರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಿರುತ್ತದೆ. ಮೊದಲ ಎರಡು ವಾರ ನಾನು ನಮ್ಮನೆಯವರಿಗೆ "ಒಳ್ಳೇ ಕೆಲಸ ಮಾಡಿದಿರಿ" ಅಂದಿದ್ದೆ.

ಈಗ ಲೆಕ್ಕಕ್ಕೆ ಬರೋಣ. ನಿದ್ದೆಯ ವಿಚಾರ ನೋಡುವ ಅಮೆರಿಕದ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿರುವ ಪ್ರಕಾರ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಮಗನ ಸ್ಕೂಲ್ ವ್ಯಾನ್ ಏಳೂವರೆಗೆ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತದೆ. ಅವನು ಏಳಬೇಕಾದ್ದು ಆರೂಕಾಲಿಗೆ. ಕಡಿಮೆ ಅಂದರೂ ಒಂಬತ್ತು ಗಂಟೆ ನಿದ್ದೆ ಅಂದರೆ ರಾತ್ರಿ ಒಂಬತ್ತೂಕಾಲಿಗೆ ನಿದ್ದೆ ಹತ್ತಿರಬೇಕು. ಮಗಳು ಟ್ಯೂಷನ್‌ಗೆ ಐದೂವರೆಗೆ ಏಳುತ್ತಾಳೆ, ಅವಳಿಗೂ ಒಂಬತ್ತೂವರೆ ದಾಟಿದರೆ ಎಂಟು ಗಂಟೆ ಸಿಗುವುದಿಲ್ಲ. ಐಪಿಎಲ್ ಮ್ಯಾಚ್ ಶುರುವಾಗುವುದೇ ರಾತ್ರಿ ಏಳೂವರೆಗೆ, ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಅದೂ ಬರುವುದು ಸರಿಯಾಗಿ ಮಾರ್ಚ್ ಕೊನೆಯಲ್ಲಿ, ಮಕ್ಕಳ ಪರೀಕ್ಷೆಯ ಹೊತ್ತಿಗೆ. ಆರ್‌ಸಿಬಿ ಮ್ಯಾಚ್ ಇರುವ ದಿನ ಹಾಲ್‌ನಲ್ಲಿದ್ದರೆ ಬೈದಾದರೂ ಎಬ್ಬಿಸಬಹುದು. ರೂಮಲ್ಲಿದ್ದರೆ ಸೌಂಡ್ ಸೊನ್ನೆಗೆ ಇಳಿಸಿ ಬರೀ ಸ್ಕೋರ್ ನೋಡುತ್ತಾ ಕೂರುತ್ತಾರೆ. ನಮ್ಮ ಮಗ ಹಾಗೆ ಸಿಕ್ಕಿಬಿದ್ದ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಮಿಣಮಿಣ ಅನ್ನುತ್ತಿತ್ತು.

ಇಲ್ಲಿ ನಾವೆಲ್ಲ ಮಾಡುವ ಒಂದು ತಪ್ಪು ಲೆಕ್ಕ ಇದೆ. ಚಿಕ್ಕವನಿಗೆ ಬೇಡ, ದೊಡ್ಡವಳಿಗೆ ಕೊಡಬಹುದು, ಅವಳಿಗೆ ಬುದ್ಧಿ ಬಂದಿದೆ ಅಂತ. ನಾನು ನೋಡಿದ್ದು ಉಲ್ಟಾ. ಕ್ರಿಕೆಟ್ ಇಲ್ಲದ ದಿನ ಮಗ ಒಂಬತ್ತೂವರೆಗೆಲ್ಲ ಬಾಯಿ ಬಿಟ್ಟುಕೊಂಡು ನಿದ್ದೆ ಹೋಗುತ್ತಾನೆ, ಟಿವಿ ಓಡುತ್ತಿದ್ದರೂ ಅಷ್ಟೇ. ಮಗಳಿಗೆ ನಿದ್ದೆ ಬರುವುದೇ ಹನ್ನೊಂದಕ್ಕೆ. ಇದು ಸೋಮಾರಿತನ ಅಲ್ಲ. ಹರೆಯಕ್ಕೆ ಬಂದ ಮಕ್ಕಳ ದೇಹದಲ್ಲಿ ನಿದ್ದೆ ತರುವ ಮೆಲಟೋನಿನ್ ಅನ್ನುವ ಹಾರ್ಮೋನು ಏರುವುದೇ ರಾತ್ರಿ ತಡವಾಗಿ. ಕಣ್ಣಿಗೆ ಬೀಳುವ ಬೆಳಕು ಅದನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಮೊದಲೇ ನಿದ್ದೆ ಬಾರದ ಹುಡುಗಿಯ ಕಾಲಬುಡದಲ್ಲಿ ಟಿವಿ ಇಟ್ಟು, ಒಂದು ಎಪಿಸೋಡ್ ಮುಗಿದ ಐದಾರು ಸೆಕೆಂಡಿಗೆ ಇನ್ನೊಂದು ತಾನಾಗೇ ಶುರುವಾಗುವ ಹಾಗೆ ಮಾಡಿ, ನೀನೇ ಆಫ್ ಮಾಡಿಕೋ ಅಂದರೆ ಹೇಗೆ? ನಲವತ್ತು ದಾಟಿದ ನನ್ನ ಕೈಲೇ ಆಗುವುದಿಲ್ಲ.

ಮಿನ್ನೆಸೋಟ ವಿಶ್ವವಿದ್ಯಾಲಯದವರು 15ರಿಂದ 18 ವರ್ಷದ 781 ಹುಡುಗ ಹುಡುಗಿಯರನ್ನು ಕೇಳಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೂಮಲ್ಲಿ ಟಿವಿ ಇದ್ದವರು ಇಲ್ಲದವರಿಗಿಂತ ವಾರಕ್ಕೆ ನಾಲ್ಕೈದು ಗಂಟೆ ಜಾಸ್ತಿ ನೋಡುತ್ತಿದ್ದರು. ಹುಡುಗಿಯರಲ್ಲಿ ಮೈ ಬಗ್ಗಿಸಿ ಆಡುವುದು ಕಡಿಮೆ, ಹುಡುಗರಲ್ಲಿ ಅಂಕ ಕಡಿಮೆ, ಇಬ್ಬರಲ್ಲೂ ಮನೆಯವರ ಜತೆ ಕೂತು ಊಟ ಮಾಡುವುದು ಕಡಿಮೆ. ಇದನ್ನು ಓದಿ ಟಿವಿಯಿಂದಲೇ ಅಂಕ ಹೋಯಿತು ಅಂತ ಹೇಳಲಾಗದು, ಮೊದಲೇ ಹಾಗಿದ್ದ ಮಕ್ಕಳೇ ಹಟ ಮಾಡಿ ರೂಮಿಗೆ ಟಿವಿ ಹಾಕಿಸಿಕೊಂಡಿರಲೂಬಹುದು. ಆದರೆ ಊಟದ ಮಾತು ನನಗೆ ಚುಚ್ಚಿತು. ನಮ್ಮನೆಯಲ್ಲಿ ಮೊದಲು ಬದಲಾದದ್ದು ಅದೇ. ಡಿಸೆಂಬರ್ ಹೊತ್ತಿಗೆ ಇಬ್ಬರ ತಟ್ಟೆಯೂ ರೂಮಿಗೆ ಹೋಗತೊಡಗಿತ್ತು. ನಾನೇ ಬಡಿಸಿ ಕಳಿಸುತ್ತಿದ್ದೆ, ಯಾವಾಗ ಶುರು ಮಾಡಿದೆ ಅಂತ ನೆನಪೂ ಇಲ್ಲ.

ಒಂದೇ ರೂಮಲ್ಲಿ ಇಬ್ಬರು ಮಕ್ಕಳಿದ್ದರೆ ಇನ್ನೊಂದು ತಾಪತ್ರಯ. ದೊಡ್ಡವಳು ನೋಡುವುದನ್ನೆಲ್ಲ ಚಿಕ್ಕವನೂ ನೋಡುತ್ತಾನೆ. ನಮ್ಮ ದೇಶದ ಓಟಿಟಿಗಳಲ್ಲಿ 2021ರ ನಿಯಮದಂತೆ ಯು, ಯುಎ 7+, ಯುಎ 13+, ಯುಎ 16+, ಎ ಅಂತ ಗುರುತು ಹಾಕಿರುತ್ತಾರೆ, ಪಿನ್ ಹಾಕಿ ಲಾಕ್ ಮಾಡಲೂಬಹುದು. ಆದರೆ 13+ ಅಕ್ಕನಿಗೆ ಸರಿ, ಪಕ್ಕದ ಹಾಸಿಗೆಯಲ್ಲಿ ಹೊದಿಕೆ ಮುಚ್ಚಿಕೊಂಡು ನಿದ್ದೆ ಬಂದವನ ಹಾಗೆ ನಟಿಸುತ್ತಿರುವ ಎಂಟು ವರ್ಷದವನಿಗೆ ಅಲ್ಲ.

ಟಿವಿ ಬೇಡ, ಫೋನೋ ಟ್ಯಾಬೋ ಸಾಕು ಅನ್ನುವವರಿಗೆ

ಸಾಕಾಗುವುದಿಲ್ಲ, ಇನ್ನೂ ಕೆಟ್ಟದ್ದು. ಮಕ್ಕಳ ರೂಮಲ್ಲಿ ಟಿವಿ ಇಟ್ಟಿಲ್ಲ ಅಂತ ಬೀಗುವ ಎಷ್ಟೋ ಅಪ್ಪ ಅಮ್ಮಂದಿರ ಮಕ್ಕಳ ದಿಂಬಿನ ಕೆಳಗೆ ಫೋನ್ ಇರುತ್ತದೆ. ಟಿವಿಗೆ ಕನಿಷ್ಠ ಸದ್ದಿದೆ, ಗೋಡೆ ತುಂಬ ಬೆಳಕಿದೆ, ಹೊದಿಕೆಯೊಳಗೆ ತೆಗೆದುಕೊಂಡು ಹೋಗಲು ಆಗುವುದಿಲ್ಲ. ಕಣ್ಣಿನ ಲೆಕ್ಕದಲ್ಲೂ ಎಂಟು ಅಡಿ ದೂರದ ಟಿವಿಗಿಂತ ಮೂಗಿನ ಹತ್ತಿರದ ಫೋನ್ ಜಾಸ್ತಿ ತೊಂದರೆ. ಹತ್ತಿರದ್ದನ್ನೇ ಗಂಟೆಗಟ್ಟಲೆ ನೋಡುವುದು, ಬಿಸಿಲಿಗೆ ಹೊರಗೆ ಹೋಗಿ ಆಡದಿರುವುದು, ಇವೆರಡಕ್ಕೂ ಮಕ್ಕಳಿಗೆ ಬರುವ ಮೈನಸ್ ಕನ್ನಡಕಕ್ಕೂ ನಂಟಿದೆ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ.

ಹಾಗಾಗಿ ಹೋಲಿಕೆ ಮಾಡುವಾಗ "ರೂಮಲ್ಲಿ ಟಿವಿ" ಮತ್ತು "ರೂಮಲ್ಲಿ ಏನೂ ಇಲ್ಲ" ಇವೆರಡನ್ನು ಎದುರುಬದುರು ಇಡಬೇಡಿ. ನಿಮ್ಮ ಮನೆಯ ನಿಜವಾದ ಆಯ್ಕೆ "ರೂಮಲ್ಲಿ ಟಿವಿ" ಮತ್ತು "ರೂಮಲ್ಲಿ ಫೋನು" ಆಗಿದ್ದರೆ ನಾನು ಟಿವಿಗೇ ಓಟು ಹಾಕುತ್ತೇನೆ. ಎರಡೂ ಬೇಡ ಅನ್ನುವವರು ರಾತ್ರಿ ಫೋನ್‌ಗಳೆಲ್ಲ ಚಾರ್ಜ್ ಆಗುವ ಜಾಗವನ್ನು ಫ್ರಿಜ್ ಪಕ್ಕದ ಪ್ಲಗ್‌ಗೆ ಬದಲಾಯಿಸಿ, ನಿಮ್ಮದೂ ಅಲ್ಲೇ ಇರಲಿ. ಅಲಾರಂಗೆ ಫೋನ್ ಬೇಕು ಅನ್ನುವ ನೆಪ ಬರುತ್ತದೆ. ಒಂದು ಟಿಕ್ ಟಿಕ್ ಗಡಿಯಾರ ತಂದುಕೊಡಿ.

ಅಜ್ಜಿಯ ರೂಮು

ಇದು ನನಗೆ ತಡವಾಗಿ ಹೊಳೆದದ್ದು. ಮನೆಯಲ್ಲಿ ಹಿರಿಯರಿದ್ದರೆ ಎರಡನೇ ಟಿವಿಗೆ ಸರಿಯಾದ ಜಾಗ ಅವರ ರೂಮು, ಮಕ್ಕಳದ್ದಲ್ಲ. ನಮ್ಮತ್ತೆಗೆ ಅವರ ಸೀರಿಯಲ್ಲು, ಭಜನೆ, ಮಧ್ಯಾಹ್ನದ ಅಡುಗೆ ಕಾರ್ಯಕ್ರಮ ಸಿಕ್ಕಿತು, ಹಾಲ್ ಸಂಜೆ ಹೊತ್ತು ಖಾಲಿಯಾಯಿತು. ಮಕ್ಕಳು ಹೋಗಿ ಅಜ್ಜಿಯ ಮಂಚದ ಮೇಲೆ ಕೂತು ನೋಡುತ್ತಾರೆ, ಆದರೆ ಅದು ಅಜ್ಜಿಯ ಟಿವಿ, ಅಜ್ಜಿಯ ರಿಮೋಟು. "ಇದು ಯಾರೋ, ಅವಳ ಗಂಡ ಇವನಾ?" ಅಂತ ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಟ್ಟೇ ಸಾಕಾಗಿ ಎದ್ದು ಬರುತ್ತಾರೆ.

ತೊಂದರೆ ಇರುವುದು ಮೊಮ್ಮಗ ಅಜ್ಜಿ ಜತೆ ಮಲಗುವ ಮನೆಗಳಲ್ಲಿ. ಅಲ್ಲಿ ಅಜ್ಜಿಯ ರೂಮೇ ಮಗುವಿನ ಬೆಡ್‌ರೂಮು, ಹಿರಿಯರಿಗೆ ಟಿವಿ ಹಾಕಿಕೊಂಡೇ ನಿದ್ದೆ ಹೋಗುವ ಅಭ್ಯಾಸ ಬೇರೆ ಇರುತ್ತದೆ. ಹೆಚ್ಚುಕಮ್ಮಿ ಎಲ್ಲ ಟಿವಿಯಲ್ಲೂ ಸ್ಲೀಪ್ ಟೈಮರ್ ಅಂತ ಇರುತ್ತದೆ, ಅರ್ಧ ಗಂಟೆಗೆ ಇಟ್ಟರೆ ತಾನೇ ಆಫ್ ಆಗುತ್ತದೆ. ಅತ್ತೆಗೆ ಇದನ್ನು ಹೇಳುವಾಗ "ಕರೆಂಟ್ ಉಳಿಯುತ್ತದೆ ಅಮ್ಮ" ಅಂತ ಹೇಳಿ. ಮಕ್ಕಳ ನಿದ್ದೆ ಕೆಡುತ್ತದೆ ಅಂತ ಶುರು ಮಾಡಿದರೆ ಮಾತು ಬೇರೆ ಕಡೆ ಹೋಗುತ್ತದೆ, ಸೊಸೆಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಕಲೇಬೇಕು ಅಂದರೆ

ಕೆಲವು ಮನೆಗೆ ಬೇರೆ ದಾರಿ ಇರುವುದಿಲ್ಲ. ಆಗ ಸ್ಮಾರ್ಟ್ ಟಿವಿಗಿಂತ ದಡ್ಡ ಟಿವಿ ಒಳ್ಳೆಯದು. ಹಳೇ ಮಾಡೆಲ್‌ನಲ್ಲಿ ಇಂಟರ್ನೆಟ್ ಇಲ್ಲ, ಆಟೋಪ್ಲೇ ಇಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟ ಎರಡು ಸಿನಿಮಾ ಮುಗಿದರೆ ಮುಗಿಯಿತು. ಪಿಯುಸಿ ಓದುವವರಿಗೆ ಅದನ್ನೇ ಕಂಪ್ಯೂಟರ್ ಮಾನಿಟರ್ ಮಾಡಿಕೊಡಬಹುದು, ಪಾಠದ ವಿಡಿಯೋ ಫೋನ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಡಿಟಿಎಚ್‌ನ ಎರಡನೇ ಬಾಕ್ಸ್ ತರಿಸಬೇಡಿ. ದುಡ್ಡು ಉಳಿಯುತ್ತದೆ, ನೇರ ಪ್ರಸಾರ ಇಲ್ಲದಿದ್ದರೆ ಅರ್ಧ ಜಗಳವೂ ತಪ್ಪುತ್ತದೆ.

ಸ್ಮಾರ್ಟ್ ಟಿವಿಯೇ ಆಗಿದ್ದರೆ ಮಕ್ಕಳ ಪ್ರೊಫೈಲ್ ಮಾಡಿ. ಗೂಗಲ್ ಟಿವಿಯ ಮಕ್ಕಳ ಪ್ರೊಫೈಲ್‌ನಲ್ಲಿ ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್ ಅಂತ ನಿಗದಿ ಮಾಡಲು ಬರುತ್ತದೆ. ಪಿನ್‌ಗೆ ಮಕ್ಕಳ ಹುಟ್ಟಿದ ದಿನ, ನಿಮ್ಮ ಸ್ಕೂಟರ್ ನಂಬರು ಇಡಬೇಡಿ, ಅವರು ಮೊದಲು ಒತ್ತುವುದೇ ಅದು. ವೈಫೈ ರೂಟರ್‌ಗೆ ಟೈಮ್ ಇಡಬಹುದು, ಆದರೆ ಮನೆಯಲ್ಲಿ ಒಂದು ಫೋನಿನ ಹಾಟ್‌ಸ್ಪಾಟ್ ಮಕ್ಕಳ ಕೈಗೆ ಸಿಕ್ಕರೆ ಆ ಬೇಲಿ ಬಿದ್ದ ಹಾಗೆ. ಇದೆಲ್ಲ ತಲೆನೋವು ಅನ್ನುವವರು ಒಂದು ಕೆಲಸ ಮಾಡಿ: ಸ್ವಿಚ್‌ಬೋರ್ಡನ್ನು ರೂಮಿನ ಹೊರಗೆ ಹಾಕಿಸಿ. ಎಲೆಕ್ಟ್ರಿಷಿಯನ್ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾನೆ, ಯಾವ ಪಿನ್ನೂ ಬೇಡ.

ಚಿಕ್ಕ ಮಕ್ಕಳಿರುವ ರೂಮಲ್ಲಿ ಟಿವಿ ಗೋಡೆಗೆ ಕೂರಲೇಬೇಕು. ಓದುವ ಟೇಬಲ್ ಮೇಲೆ, ಬೀರು ಮೇಲೆ ಸುಮ್ನೆ ನಿಲ್ಲಿಸಿದ ಟಿವಿಯನ್ನು ಮಗು ವೈರ್ ಹಿಡಿದು ಎಳೆದರೆ ತಲೆ ಮೇಲೆ ಬೀಳುತ್ತದೆ, ಹೀಗೆ ಬಿದ್ದು ಪ್ರಾಣ ಹೋದದ್ದೂ ಇದೆ. ಬಾಡಿಗೆ ಮನೆಯ ಓನರ್ ಗೋಡೆಗೆ ಡ್ರಿಲ್ ಹಾಕಲು ಬಿಡುವುದಿಲ್ಲ ಅಂದರೆ ಆ ರೂಮಿಗೆ ಟಿವಿ ಬೇಡ, ಅಲ್ಲಿಗೆ ವಿಷಯ ಮುಗಿಯಿತು.

ಯಾವ ಮನೆಗೆ ಯಾವುದು

ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ ಇರಲಿ ಅಂತ ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಇಷ್ಟು ಚಿಕ್ಕವರಿಗೆ ರೂಮಲ್ಲಿ ಟಿವಿ ಇಡುವುದಕ್ಕೆ ನನಗೆ ಒಂದು ಕಾರಣವೂ ಕಾಣುವುದಿಲ್ಲ. ಹತ್ತರಿಂದ ಹದಿನಾರು, ಇದೇ ಕಷ್ಟದ ವಯಸ್ಸು, ಇಲ್ಲೂ ನನ್ನ ಓಟು ಹಾಲ್‌ಗೆ, ಆದರೆ ಒಂದು ಷರತ್ತು: ಸಂಜೆ ಓದುವ ಹೊತ್ತಿನಲ್ಲಿ ಹಾಲ್‌ನ ಟಿವಿ ದೊಡ್ಡವರಿಗೂ ಬಂದ್ ಅಥವಾ ಅವರ ಕಿವಿಗೆ ಬ್ಲೂಟೂತ್. ಪಿಯುಸಿ ಮುಗಿಸಿದವರಿಗೆ ಏನು ಬೇಕಾದರೂ ಕೊಡಿ, ಇನ್ನೊಂದು ವರ್ಷಕ್ಕೆ ಹಾಸ್ಟೆಲ್ಲೋ ಪಿಜಿಯೋ ಸೇರಿದ ಮೇಲೆ ನೀವು ಹೋಗಿ ಆಫ್ ಮಾಡಲು ಆಗುತ್ತದಾ?

ಟಿವಿ, ಫೋನು, ಗೇಮ್ ಯಾವುದೇ ಇರಲಿ, ತೆಗೆದುಕೊಂಡರೆ ಮಗು ವಸ್ತು ಎಸೆಯುತ್ತದೆ, ಊಟ ಬಿಡುತ್ತದೆ, ಶಾಲೆಗೆ ಹೋಗುವುದನ್ನೇ ನಿಲ್ಲಿಸಿದೆ ಅನ್ನುವ ಮಟ್ಟಕ್ಕೆ ಹೋಗಿದ್ದರೆ ಅದು ಟಿವಿ ಎಲ್ಲಿಡಬೇಕು ಅನ್ನುವ ಪ್ರಶ್ನೆ ದಾಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಹೋಗಿ ಕೇಳುವುದಕ್ಕೆ ನಾಚಿಕೆ ಬೇಡ.

ಈಗಾಗಲೇ ರೂಮಲ್ಲಿ ಹಾಕಿ ಪಶ್ಚಾತ್ತಾಪ ಪಡುತ್ತಿರುವವರಿಗೆ ಒಂದು ಮಾತು. ತೆಗೆಯುವುದು ಹಾಕಿದ್ದಕ್ಕಿಂತ ಹತ್ತರಷ್ಟು ಕಷ್ಟ. ಕಡಿಮೆ ಅಂಕ ಬಂದ ದಿನ ಕೋಪದಲ್ಲಿ ಬಿಚ್ಚಬೇಡಿ, ಅದು ಶಿಕ್ಷೆ ಆಗುತ್ತದೆ, ಮುಂದಿನ ಸಲ ಅಂಕ ಚೆನ್ನಾಗಿ ಬಂದ ಕೂಡಲೇ ವಾಪಸ್ ಹಾಕಿ ಅಂತ ಕೇಳುತ್ತಾರೆ. ಬಣ್ಣ ಹೊಡೆಸುವಾಗ, ಮನೆ ಬದಲಾಯಿಸುವಾಗ, ಮಂಚ ಆಚೀಚೆ ಮಾಡುವಾಗ ಇಳಿಸಿದರೆ ವಾಪಸ್ ಹತ್ತಿಸುವುದನ್ನು ಮರೆಯುವುದು ಸುಲಭ. ನಾವು ಮಾತ್ರ ಸರಿಯಾಗಿ ಐಪಿಎಲ್ ನಡುವೆ ತೆಗೆದು ನಾಲ್ಕು ದಿನ ಮನೆಯಲ್ಲಿ ಮಾತೇ ಇರಲಿಲ್ಲ. ಐದನೇ ದಿನ ಮಗ ಅಜ್ಜಿಯ ರೂಮಿಗೆ ಹೋಗಿ, ಸೀರಿಯಲ್ ಬ್ರೇಕ್ ಬಂದಾಗ ಎರಡು ನಿಮಿಷ ಸ್ಕೋರ್ ತೋರಿಸು ಅಂತ ಒಪ್ಪಂದ ಮಾಡಿಕೊಂಡ. ಬ್ರೇಕ್ ಮುಗಿಯುವಷ್ಟರಲ್ಲಿ ಕೊಹ್ಲಿ ಇನ್ನೂ ಕ್ರೀಸ್‌ನಲ್ಲಿದ್ದರೆ ನಮ್ಮತ್ತೆಯೇ ಈಗ ಚಾನೆಲ್ ಬದಲಾಯಿಸಲು ಬಿಡುವುದಿಲ್ಲ.